ನೀರಿನ ಡ್ರಮ್ಮಿನ ಕೆಳಗಿನ ಕಲ್ಲು

ಹುಣಸೂರಿನಲ್ಲಿ ಸಿದ್ದರಾಜುವಿನ ಹೆಸರು ಗೊತ್ತಿಲ್ಲದವರಿಗೂ ಅವನ ಮುಖ ಗೊತ್ತು. ಹೊಸ ಬಡಾವಣೆಗೆ ಗೆರೆ ಎಳೆಯುವಾಗ, ಅಣ್ಣತಮ್ಮಂದಿರು ನಿವೇಶನ ಹಂಚಿಕೊಳ್ಳುವಾಗ, ಚರಂಡಿ ಎಲ್ಲಿ ಹಾಯಬೇಕೆಂದು ಜಗಳವಾಗುವಾಗ, ಟೇಪಿನ ಒಂದು ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತಿದ್ದ ತೆಳ್ಳನೆಯ ಮನುಷ್ಯ ಅವನೇ. ಸರ್ವೆ ಕೆಲಸದಲ್ಲಿ ಅಂಥವರನ್ನು ಚೈನ್‌ಮನ್ ಅನ್ನುತ್ತಾರೆ. ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಿಜವಾಗಿಯೂ ಕಬ್ಬಿಣದ ಸರಪಳಿಯಿತ್ತು, ಹೆಗಲ ಮೇಲೆ ಹೊತ್ತು ತಿರುಗಬೇಕಿತ್ತು. ಆಮೇಲೆ ಟೇಪು ಬಂತು, ಮೂರು ಕಾಲಿನ ಯಂತ್ರ ಬಂತು. ಮೂವತ್ತನಾಲ್ಕು ವರ್ಷದಲ್ಲಿ ಏಳೆಂಟು ಜನ ಸರ್ವೆಯರುಗಳು ಬದಲಾದರು. ಸಿದ್ದರಾಜು ಮಾತ್ರ ಅಲ್ಲೇ ಇದ್ದ.

ಅವನು ಹೆಚ್ಚು ಮಾತಾಡುವವನಲ್ಲ. ಅಪ್ಪ ಲಿಂಗಯ್ಯ ಹನಗೋಡಿನ ನಾಲೆಯಲ್ಲಿ ನೀರುಗಂಟಿಯಾಗಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನುವುದು ಅವನ ಕೈಯಲ್ಲಿತ್ತು, ಹಾಗಾಗಿ ಬೈಗುಳವೂ ಅವನ ಪಾಲಿಗೇ ಬರುತ್ತಿತ್ತು. ಎರಡು ಕಡೆಯವರೂ ಎದುರಿಗೆ ನಿಂತು ಕೂಗಾಡುವಾಗ ಬಾಯಿ ಮುಚ್ಚಿಕೊಂಡು ಸನಿಕೆಯ ಮೇಲೆ ಕೈಯಿಟ್ಟು ನಿಲ್ಲುವುದನ್ನು ಸಿದ್ದರಾಜು ಅಪ್ಪನಿಂದಲೇ ಕಲಿತ. ಸೈಟಿನಲ್ಲಿ ಯಾರಾದರೂ, ‘ನಿನಗೇನನ್ನಿಸ್ತದೆ ಸಿದ್ದರಾಜು, ಗಡಿ ಎಲ್ಲಿ ಬರ್ತದೆ?’ ಎಂದು ಕೇಳಿದರೆ, ‘ಹಿಡ್ಕೊಳ್ಳೋದಷ್ಟೇ ನನ್ ಕೆಲ್ಸ, ಓದೋರು ಅವ್ರು’ ಎಂದು ಸರ್ವೆಯರ್ ಕಡೆ ತೋರಿಸುತ್ತಿದ್ದ. ಜನ ಅವನನ್ನು ಇಷ್ಟಪಡಲು ಇದೂ ಒಂದು ಕಾರಣವಾಗಿತ್ತು.

ತಾಯಿ ತೀರಿಕೊಂಡಾಗ ಅವನಿಗೆ ಎಂಟು ವರ್ಷ. ಸಾಕಿದವಳು ಅಕ್ಕ ಪುಟ್ಟತಾಯಮ್ಮ. ಅವಳನ್ನು ಹುಣಸೂರಿಗೆ ಕೊಟ್ಟಾಗ ತಮ್ಮನನ್ನೂ ಕರೆದುಕೊಂಡೇ ಬಂದಳು. ಗಂಡ ಬೇಗ ಹೋದ. ಹಳೆ ಮಂಡಿ ರಸ್ತೆಯಲ್ಲಿದ್ದ ಒಂದು ಕೋಣೆಯ ಮನೆಯನ್ನೇ ಹೋಟೆಲು ಮಾಡಿಕೊಂಡು, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಸಾರು, ಮಂಗಳವಾರ ಮೀನು ಎಂದು ಮೂವತ್ತು ವರ್ಷ ನಡೆಸಿದಳು. ಕೋಣೆ ಸಾಲದೆ ಮುಂದಕ್ಕೆ ತಗಡು ಇಳಿಬಿಟ್ಟಳು. ತಗಡಿನ ಕೆಳಗೆ ಒಲೆ ಬಂತು, ಎರಡು ಬೆಂಚು ಬಂತು, ಮೆಟ್ಟಿಲು ಬಂತು. ಸಿದ್ದರಾಜುವಿಗೆ ಮದುವೆಯಾಗಿ ಕಲ್ಕುಣಿಕೆಯಲ್ಲಿ ಬೇರೆ ಮನೆಯಾದ ಮೇಲೂ ಮಧ್ಯಾಹ್ನದ ಊಟ ಅಕ್ಕನಲ್ಲೇ. ಹೆಂಡತಿಯೂ ಇದನ್ನು ಆಕ್ಷೇಪಿಸಿದವಳಲ್ಲ.

ಹೋಟೆಲಿನ ಹಿಂದೆ ಒಂದು ಹಿತ್ತಲಿತ್ತು. ಅಲ್ಲಿ ಮೂವತ್ತು ಮೂವತ್ತೈದು ಸೈಕಲ್ಲುಗಳು ನಿಂತಿರುತ್ತಿದ್ದವು. ಗುರುಪುರ, ಹನಗೋಡು ಕಡೆಯಿಂದ ಗಾರ್ಮೆಂಟ್ಸಿಗೆ ಬರುವ ಹೆಂಗಸರ ಸೈಕಲ್ಲುಗಳವು. ಹೆಚ್ಚಿನವು ಅವರ ಹೆಣ್ಣುಮಕ್ಕಳಿಗೆ ಹಿಂದೆ ಶಾಲೆಯಲ್ಲಿ ಕೊಟ್ಟಿದ್ದವು. ಮಕ್ಕಳು ಕಾಲೇಜಿಗೋ ಮದುವೆಯಾಗಿಯೋ ಹೋದ ಮೇಲೆ ತಾಯಂದಿರು ನಲವತ್ತರ ವಯಸ್ಸಿನಲ್ಲಿ ಬಿದ್ದು ಎದ್ದು ಕಲಿತಿದ್ದರು. ಊರಿನ ಬಸ್ಸು ಎಂಟೂ ಹತ್ತಕ್ಕೆ ಸ್ಟ್ಯಾಂಡಿಗೆ ಬಂದರೆ ಫ್ಯಾಕ್ಟರಿಯ ಗೇಟು ಎಂಟೂವರೆಗೆ ಮುಚ್ಚುತ್ತದೆ. ನಡುವೆ ಹಳೆ ಮಂಡಿ ರಸ್ತೆಯ ಎರಡು ಕಿಲೋಮೀಟರ್. ನಡೆದರೆ ಆಗುವುದಿಲ್ಲ, ಆಟೋ ತುಂಬುವವರೆಗೆ ಹೊರಡುವುದಿಲ್ಲ. ಪಟ್ಟಣದೊಳಗೊಂದು ಬಸ್ಸು ಬಿಡಿ ಎಂದು ಅರ್ಜಿ ಕೊಟ್ಟಿದ್ದರು. ಹಳೆ ಮಂಡಿ ರಸ್ತೆಯಲ್ಲಿ ಎದುರಿಗೊಂದು ಲಾರಿ ಬಂದರೆ ಬಸ್ಸಿಗೆ ಜಾಗವೆಲ್ಲಿದೆ ಎಂಬ ಉತ್ತರ ಬಂದಿತ್ತು. ಸೈಕಲ್ಲು ಬಂದದ್ದು ಹಾಗೆ. ರಾತ್ರಿ ಅವು ಪುಟ್ಟತಾಯಮ್ಮನ ಹಿತ್ತಲಲ್ಲಿ ಇರುತ್ತಿದ್ದವು, ಹಗಲು ಫ್ಯಾಕ್ಟರಿಯಲ್ಲಿ.

ಒಂದು ಬೆಳಿಗ್ಗೆ ಗುರುಪುರದ ಸುಕನ್ಯ ಅನ್ನುವವಳು ಅಂಗಡಿ ಸಾಲಿನ ಮುಂದೆ ಹೋಗುತ್ತಿದ್ದಾಗ ನಿಂತಿದ್ದ ಕಾರಿನ ಬಾಗಿಲು ಥಟ್ಟನೆ ತೆರೆದುಕೊಂಡಿತು. ಅವಳು ಬಿದ್ದು ಮಣಿಕಟ್ಟು ಮುರಿಯಿತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕು ಹಾಕಿದ್ದರಿಂದ ಅಷ್ಟಕ್ಕೇ ಮುಗಿಯಿತು. ಆಮೇಲೆ ಹೆಂಗಸರು ಒಟ್ಟುಗೂಡಿ ಮತ್ತೊಂದು ಅರ್ಜಿ ಬರೆಸಿದರು. ಈ ಸಲ ಬಸ್ಸು ಕೇಳಲಿಲ್ಲ, ಬಸ್ ಸ್ಟ್ಯಾಂಡಿನಿಂದ ಫ್ಯಾಕ್ಟರಿಯವರೆಗೆ ಸೈಕಲ್ಲಿಗೊಂದು ದಾರಿ ಕೇಳಿದರು. ಆ ವರ್ಷ ಕಾಲುದಾರಿ, ಸೈಕಲ್ ದಾರಿಗೆಂದು ಅನುದಾನವೂ ಬಂದಿತ್ತು. ಪಿರಿಯಾಪಟ್ಟಣದ ಕಡೆಯಿಂದ ಸಿದ್ದರಾಜುವಿನ ಕಚೇರಿಗೆ ಹೊಸದಾಗಿ ಬಂದಿದ್ದ ಜೂನಿಯರ್ ಇಂಜಿನಿಯರ್ ರಮ್ಯಶ್ರೀ ಹದಿನೈದು ದಿನದಲ್ಲಿ ನಕ್ಷೆ ಬರೆದಳು.

ಸಭೆ ಕರೆದರು. ಅಂಗಡಿಯವರು ಎಪ್ಪತ್ತು ಜನ ಬಂದಿದ್ದರು. ರಜೆ ಹಾಕಿ ಬಂದ ಹೆಂಗಸರು ಐದೇ ಜನ, ಸುಕನ್ಯ ಕೈಗೆ ಬಿಳಿಯ ಪ್ಲಾಸ್ಟರ್ ಸುತ್ತಿಕೊಂಡೇ ಕೂತಿದ್ದಳು. ಅಂಗಡಿಯವರ ಪರವಾಗಿ ಎದ್ದು ನಿಂತವರು ಬಸವಪ್ರಸಾದ್. ಹಳೆ ಮಂಡಿ ರಸ್ತೆಯ ದೊಡ್ಡ ಹಾರ್ಡ್‌ವೇರ್ ಅಂಗಡಿ ಅವರದ್ದು, ವರ್ತಕರ ಸಂಘಕ್ಕೂ ಅವರೇ ಅಧ್ಯಕ್ಷರು. ಕೂಗಾಡುವ ಮನುಷ್ಯರಲ್ಲ.

‘ಸೈಕಲ್ಲಿಗೆ ದಾರಿ ಬೇಡ ಅಂತ ನಾನು ಹೇಳೋಲ್ಲ’ ಎಂದರು. ‘ಈ ತಾಯಂದ್ರು ಪಡೋ ಕಷ್ಟ ನಾನೂ ದಿನಾ ನೋಡ್ತೀನಿ. ಆದ್ರೆ ಜಾಗ ಎಲ್ಲಿಂದ ತರ್ತೀರಿ? ಇರೋದೇ ನಲವತ್ತೇಳು ಅಡಿ. ನಮ್ಮ ತಂದೆ ಕಾಲದಿಂದ ಈ ರಸ್ತೆ ಇಷ್ಟೇ.’

‘ರೆಕಾರ್ಡಲ್ಲಿ ಅರವತ್ತಡಿ ಇದೆ ಸರ್’ ಎಂದಳು ರಮ್ಯಶ್ರೀ.

‘ಇರ್ಬೋದು ಮೇಡಂ. ಎಲ್ಲಿಂದ ಎಲ್ಲಿಗೆ ಅರವತ್ತು? ತೋರಿಸಿ, ನಾವೇ ಬಿಟ್ಕೊಡ್ತೀವಿ.’

ಹಳೆಯ ನಕ್ಷೆಯಲ್ಲಿ ರಸ್ತೆಯ ಅಂಚಿಗೆ ಮೂರು ಬಾಂದು ಕಲ್ಲುಗಳ ಗುರುತಿತ್ತು. ಹಿಂದೆ ಸರ್ವೆಯವರು ಗಡಿಗೆ ನೆಡುತ್ತಿದ್ದ, ತಲೆಯ ಮೇಲೆ ಗೀಟು ಕೊರೆದ ಕಲ್ಲುಗಳವು. ಪ್ರವಾಸಿ ಮಂದಿರದ ಗೇಟಿನ ಹತ್ತಿರದ ಒಂದು ಮಾತ್ರ ಈಗಲೂ ಕಾಣುತ್ತಿತ್ತು. ಒಂದು ಕಲ್ಲಿನಿಂದ ಗೆರೆ ಎಳೆಯಲು ಬರುವುದಿಲ್ಲ. ಕನಿಷ್ಠ ಇನ್ನೊಂದಾದರೂ ಬೇಕು.

ಸಭೆ ಮುಗಿದ ಮೇಲೆ ರಮ್ಯಶ್ರೀ ಸಿದ್ದರಾಜುವನ್ನು ಕರೆದು ನಕ್ಷೆ ಬಿಡಿಸಿ ತೋರಿಸಿದಳು. ‘ನಿಮಗೆ ಗೊತ್ತಿಲ್ಲದ ಕಲ್ಲಿಲ್ಲ ಅಂತ ಎಲ್ಲಾ ಹೇಳ್ತಾರೆ ಸಿದ್ದರಾಜು ಅವ್ರೇ. ಉಳಿದ ಎರಡು ಎಲ್ಲಿವೆ?’

ಸಿದ್ದರಾಜು ನಕ್ಷೆಯನ್ನು ನೋಡಿದ. ‘ಇದ್ದಂಗೆ ನೆನಪಿಲ್ಲ ಮೇಡಂ’ ಎಂದ.

ಎರಡೂ ಅವನಿಗೆ ಗೊತ್ತಿತ್ತು. ಒಂದು ಬಸವಪ್ರಸಾದರ ಅಂಗಡಿಯ ಮುಂದಿತ್ತು. ಹತ್ತೊಂಬತ್ತು ವರ್ಷದ ಹಿಂದೆ, ಸರಕಿನ ಗಾಡಿ ಹತ್ತಿಸಲು ಅಂಗಡಿಯ ಮುಂದೆ ಕಾಂಕ್ರೀಟಿನ ಇಳಿಜಾರು ಕಟ್ಟುವ ದಿನ ಸಿದ್ದರಾಜು ಹೆಗಲ ಮೇಲೆ ಟೇಪು ಹಾಕಿಕೊಂಡು ಆ ದಾರಿಯಲ್ಲೇ ಹೋಗುತ್ತಿದ್ದ. ಕಿತ್ತ ಕಲ್ಲು ಮಗ್ಗುಲಾಗಿ ಬಿದ್ದಿತ್ತು. ಬಸವಪ್ರಸಾದರು ಅವನನ್ನು ಕಂಡು ಟೀ ತರಿಸಿದರು. ಕಲ್ಲಿನ ಮಾತು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಮಾರನೆಯ ದಿನ ನೋಡಿದರೆ ಅಲ್ಲಿ ನುಣ್ಣಗೆ ಸಿಮೆಂಟಿತ್ತು. ಯಾರೂ ಕೇಳಲಿಲ್ಲ, ಇವನು ಹೇಳಲಿಲ್ಲ.

ಇನ್ನೊಂದು ಕಲ್ಲು ಅಕ್ಕನ ಹೋಟೆಲಿನಲ್ಲೇ ಇತ್ತು. ತಗಡು ಇಳಿಬಿಟ್ಟ ವರ್ಷ ಅದು ಒಲೆಯ ಪಕ್ಕಕ್ಕೆ ಬಂತು. ಓಡಾಡುವವರ ಕಾಲಿಗೆ ತಗಲುತ್ತದೆಂದು ಸಿದ್ದರಾಜುವೇ ಅದರ ಸುತ್ತ ಇಟ್ಟಿಗೆ ಜೋಡಿಸಿ, ಮೊಣಕಾಲೆತ್ತರದ ಕಟ್ಟೆ ಮಾಡಿ, ಮೇಲೆ ನೀಲಿ ಡ್ರಮ್ಮು ಇಟ್ಟು ನಲ್ಲಿ ಕೂರಿಸಿಕೊಟ್ಟಿದ್ದ. ಅಂದಿನಿಂದ ಊಟ ಮಾಡಿದವರೆಲ್ಲ ಅಲ್ಲೇ ಕೈ ತೊಳೆಯುತ್ತಿದ್ದರು. ಇಬ್ಬರು ಸರ್ವೆಯರುಗಳೂ ತೊಳೆದು ಹೋಗಿದ್ದರು.

ಆ ಸಂಜೆ ಬಸವಪ್ರಸಾದರು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ‘ಬಾರಪ್ಪ ಸಿದ್ದರಾಜು, ಕೂತ್ಕೋ’ ಎಂದು ಸ್ಟೂಲು ಎಳೆದು ಹಾಕಿದರು. ‘ಆ ಹುಡುಗಿ ಹೊಸಬಳು. ಉತ್ಸಾಹ ಜಾಸ್ತಿ. ನನಗೆ ನನ್ನ ಚಿಂತೆ ಇಲ್ಲ, ನಿಮ್ಮಕ್ಕಂದೇ ಚಿಂತೆ. ಈ ಬೀದೀಲಿ ಅಳತೆ ಶುರುವಾದ್ರೆ ಮೊದಲು ಹೋಗೋದು ಅವಳ ಒಲೆ. ನಾವೆಲ್ಲಾ ಎಲ್ಲಿ ಉಣ್ಣಾದು?’

‘ನಿಜ ಯಜಮಾನ್ರೇ’ ಎಂದ ಸಿದ್ದರಾಜು.

‘ನೀನು ಬಾಯಿ ಗಟ್ಟಿ ಇರೋ ಮನುಷ್ಯ. ಅದಕ್ಕೇ ಎಲ್ಲರಿಗೂ ನಿನ್ನ ಕಂಡ್ರೆ ಗೌರವ.’

ಈ ಮಾತನ್ನು ಅವನು ಹಿಂದೆಯೂ ನೂರಾರು ಬಾರಿ ಕೇಳಿದ್ದ, ಕೇಳಿದಾಗಲೆಲ್ಲ ಹಿತವಾಗುತ್ತಿತ್ತು. ಆ ದಿನ ಆಗಲಿಲ್ಲ.

ಮಾರನೆಯ ದಿನ ಊಟದವರು ಎದ್ದು ಹೋದ ಮೇಲೆ ಪುಟ್ಟತಾಯಮ್ಮ ಬೆಂಚಿನ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಸಿದ್ದರಾಜು ಪಕ್ಕದಲ್ಲಿ ಕೂತ.

‘ಅಕ್ಕ, ಆ ಡ್ರಮ್ಮು ತೆಗೀಬೇಕಾಗ್ಬೋದು.’

‘ಯಾಕ್ಲಾ, ಸೋರ್ತದಾ?’

‘ಅದ್ರ ಕೆಳಗಿರೋ ಕಲ್ಲು ಕೇಳ್ತಾವ್ರೆ.’

ಅವಳ ಕೈ ನಿಲ್ಲಲಿಲ್ಲ. ಹುಳ ತಿಂದ ಎಲೆಯನ್ನು ಆರಿಸಿ ಪಕ್ಕಕ್ಕೆ ಹಾಕಿದಳು. ‘ನೀನೇನಂದೆ?’

‘ಇಲ್ಲ ಅಂದೆ.’

‘ಮತ್ತೆ ಮುಗೀತಲ್ಲ. ನನ್ನತ್ರ ಯಾಕ್ ಬಂದು ಏಳ್ತಿದ್ದೀಯೆ?’

ಅವನು ಒಂದು ದಂಟು ಕೈಗೆತ್ತಿಕೊಂಡು, ‘ಸುಕನ್ಯ ಕೈ ಮುರ್ಕಂಡ್ಲಲ್ಲ ಅಕ್ಕ’ ಎಂದ.

‘ಅವಳ ಕೈ ಮುರಿದಿದ್ದು ಕಾರಿನ ಬಾಗ್ಲು ಕಣ್ಲಾ. ನನ್ನ ಒಲೆ ಅಲ್ಲ.’

‘ಜಾಗ ಇದ್ದಿದ್ರೆ ಕಾರಿಂದ ದೂರ ಓಯ್ತಿದ್ಲು.’

‘ಎಷ್ಟು ಓಯ್ತದೆ ನಂದು?’

‘ಏಳಡಿ. ಒಲೆ, ಬೆಂಚು, ಮೆಟ್ಲು.’

‘ಉಳಿಯಾದು?’

‘ಒಳಗಿನ ರೂಮು.’

‘ಅದ್ರಾಗೆ ನಿಂತ್ಕಂಡು ಮುದ್ದೆ ತಿರುವಾಕೂ ಆಗಕ್ಕಿಲ್ಲ.’ ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು ಮೊದಲ ಸಲ ಅವನ ಮುಖ ನೋಡಿದಳು. ‘ನೋಡು ಸಿದ್ದ, ಏನ್ ಮಾಡ್ಬೇಕು ಅಂತ ಇದ್ದೀಯೋ ಮಾಡು. ನನ್ ಕೈಲಿ ಊಂ ಅನ್ನಿಸ್ಕಂಡು ಓಗಾಕೆ ಬಂದಿದ್ದೀಯೆ. ಅದು ಮಾತ್ರ ಆಗಕ್ಕಿಲ್ಲ.’

ಅವಳು ಎದ್ದು ಒಳಗೆ ಹೋದಳು. ಸಿದ್ದರಾಜು ಎರಡು ದಿನ ಯಾವ ಕಡೆಗೂ ಹೊರಳದೆ ಕಳೆದ. ಈ ಕಡತ ತಾನಾಗಿಯೇ ಮುಚ್ಚಿಹೋದರೆ ತಾನು ಯಾರಿಗೂ ಏನೂ ಮಾಡಿದಂತಾಗುವುದಿಲ್ಲ ಎಂದು ಒಮ್ಮೆ ಅನ್ನಿಸಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಸುಕನ್ಯ, ಸೈಕಲ್ಲು ತುಳಿಯಲಾಗದ್ದರಿಂದ, ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿಕೊಂಡು ಗೇಟಿನ ಹೊತ್ತಿಗೆ ಓಡುತ್ತಿದ್ದುದನ್ನು ಕಂಡಾಗ ಬೇರೆ ಅನ್ನಿಸಿತು. ಅವಳು ಓಡುತ್ತಲೇ, ‘ಊಟ ಆಯ್ತಾಣ್ಣ’ ಎಂದು ಬೆಳಿಗ್ಗೆ ಎಂಟೂಕಾಲಿಗೆ ಕೇಳಿದಳು. ಏನು ಕೇಳುತ್ತಿದ್ದೇನೆಂಬ ಗಮನವೂ ಅವಳಿಗಿರಲಿಲ್ಲ.

ಶುಕ್ರವಾರ ರಮ್ಯಶ್ರೀ ಅವನನ್ನು ಕರೆದಳು. ಅವಳ ಮುಂದೆ ಒಂದೇ ಹಾಳೆಯ ವರದಿ ಇತ್ತು. ‘ಜಾಗ ಗುರುತಿಸೋಕೆ ಆಗ್ಲಿಲ್ಲ ಅಂತ ಬರೆದು ಕಳಿಸಲೇಬೇಕು. ಅನುದಾನ ಬೇರೆ ಊರಿಗೆ ಹೋಗುತ್ತೆ, ಹೋಗ್ಲಿ. ಇಲ್ಲೊಂದು ಸಹಿ ಹಾಕಿ’ ಎಂದು ಪೆನ್ನು ಚಾಚಿದಳು.

‘ನಾನಾ ಮೇಡಂ?’

‘ಹೌದು. ಕಲ್ಲಿನ ವಿಷಯ ಹೇಳಿದ್ದು ನೀವಲ್ವಾ?’

ಸಿದ್ದರಾಜು ಹಾಳೆ ಎತ್ತಿಕೊಂಡು ಓದಿದ. ‘ಸ್ಥಳದಲ್ಲಿ ಬೇರೆ ಬಾಂದು ಕಲ್ಲುಗಳು ಇರುವುದಿಲ್ಲವೆಂದು, ಮೂವತ್ತನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿರುವ ಚೈನ್‌ಮನ್ ಸಿದ್ದರಾಜು ಬಿನ್ ಲಿಂಗಯ್ಯ ಇವರು ತಿಳಿಸಿರುತ್ತಾರೆ.’ ಇನ್ನೊಮ್ಮೆ ಓದಿದ. ಸಂಬಳದ ಹಾಳೆ, ರಜೆಯ ಅರ್ಜಿ ಬಿಟ್ಟರೆ ಕಚೇರಿಯ ಯಾವ ಕಾಗದದಲ್ಲೂ ಅವನ ಹೆಸರು ಬಂದಿರಲಿಲ್ಲ. ಊರಿನ ಎಷ್ಟೋ ನಕ್ಷೆಗಳಿಗೆ ಅವನು ಟೇಪು ಹಿಡಿದಿದ್ದ, ಒಂದರಲ್ಲೂ ಅವನ ಸಹಿ ಇಲ್ಲ. ಈಗ ಹೆಸರು ಬಂದಿತ್ತು, ಅಪ್ಪನ ಹೆಸರನ್ನೂ ಜೊತೆಗಿಟ್ಟುಕೊಂಡು.

ಪೆನ್ನನ್ನು ಮೇಜಿನ ಮೇಲಿಟ್ಟ.

‘ಮೇಡಂ, ಎರಡೂವರೆಗೆ ಬನ್ನಿ. ಅಷ್ಟೊತ್ತಿಗೆ ಉಣ್ಣೋರು ಎದ್ದಿರ್ತಾರೆ.’

‘ಎಲ್ಲಿಗೆ?’

‘ನಮ್ಮಕ್ಕನ ಹೋಟ್ಲಿಗೆ. ಅಲ್ಲೊಂದು ಕಲ್ಲೈತೆ. ಇನ್ನೊಂದು ಹಾರ್ಡ್‌ವೇರ್ ಅಂಗಡಿ ಮುಂದಿತ್ತು, ಕಿತ್ತಾಕಿದ್ರು. ಕೀಳ್ದಾಗ ನಾನು ನೋಡ್ದೆ. ಯಾರಿಗೂ ಹೇಳಿರಲಿಲ್ಲ.’

ರಮ್ಯಶ್ರೀ ಬೈಯುತ್ತಾಳೆ ಅಂದುಕೊಂಡ. ಅವಳು ಹಾಳೆಯನ್ನು ನಾಲ್ಕಾಗಿ ಮಡಿಸಿ ಡ್ರಾಯರಿಗೆ ಹಾಕಿ, ‘ಯಂತ್ರ ಚಾರ್ಜಿಗೆ ಹಾಕ್ಸಿ’ ಎಂದಳಷ್ಟೆ.

ಎರಡೂವರೆಗೆ ಅವರು ಹೋದಾಗ ಪುಟ್ಟತಾಯಮ್ಮ ಪಾತ್ರೆ ತೊಳೆಯುತ್ತಿದ್ದಳು. ಯಂತ್ರದ ಮೂರು ಕಾಲುಗಳು ರಸ್ತೆಯಂಚಿಗೆ ನಿಲ್ಲುವುದನ್ನು ನೋಡಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. ಸಿದ್ದರಾಜು ಚಪ್ಪಲಿ ಬಿಟ್ಟು ಒಳಗೆ ಬಂದು ಡ್ರಮ್ಮಿನ ನೀರನ್ನು ಕೊಡಕ್ಕೆ ಬಸಿದು ಬಸಿದು ಹಿತ್ತಲಿನ ತೊಟ್ಟಿಗೆ ಹಾಕತೊಡಗಿದ. ಚೆಲ್ಲಿದರೆ ಬೇಗ ಮುಗಿಯುತ್ತಿತ್ತು. ಅಕ್ಕ ಬೆಳಿಗ್ಗೆ ಹಿಡಿದ ನೀರನ್ನು ಚೆಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಹನ್ನೊಂದು ಕೊಡವಾಯಿತು. ಅಷ್ಟು ಹೊತ್ತೂ ಅವಳು ಬಾಗಿಲಿಗೆ ಒರಗಿ ನಿಂತೇ ಇದ್ದಳು. ಖಾಲಿ ಡ್ರಮ್ಮು ಇಳಿಸಿ, ಹಾರೆಯಿಂದ ಇಟ್ಟಿಗೆ ಬಿಡಿಸಿದಾಗ ಒಳಗೆ ಕಲ್ಲು ಒದ್ದೆಯಾಗಿ, ಪಾಚಿ ಹಿಡಿದು ನಿಂತಿತ್ತು. ತೆಂಗಿನ ನಾರಿನಲ್ಲಿ ತಿಕ್ಕಿದ. ಗೀಟು ಸ್ಪಷ್ಟವಾಗಿತ್ತು.

ಬೀದಿಯ ಜನ ಸೇರಿದರು. ಬಸವಪ್ರಸಾದರೂ ಬಂದು ದೂರದಲ್ಲಿ ನಿಂತರು. ಸಿದ್ದರಾಜು ಕಲ್ಲಿನ ಮೇಲೆ ಕೋಲು ನಿಲ್ಲಿಸಿ ಹಿಡಿದುಕೊಂಡ. ರಮ್ಯಶ್ರೀ ಎರಡು ಸಲ, ‘ನೆಟ್ಟಗೆ ಹಿಡೀರಿ’ ಎನ್ನಬೇಕಾಯಿತು.

ಅಳತೆ ಮುಗಿದು ಯಂತ್ರ ಮಡಚುವಾಗ ಪುಟ್ಟತಾಯಮ್ಮ ಹತ್ತಿರ ಬಂದಳು. ‘ನಾಳೆಯಿಂದ ಮನೇಲೇ ಉಣ್ಣು’ ಎಂದಳು. ಸಿಟ್ಟಿನ ದನಿಯಿರಲಿಲ್ಲ. ಹಾಲು ಬೇಡ ಎಂದು ಹಾಲಿನವನಿಗೆ ಹೇಳುವ ಹಾಗಿತ್ತು.

ಗೆರೆ ಬಿದ್ದ ಮೇಲೆ ನೋಡಿದರೆ, ಸಾಲಿನ ಹೆಚ್ಚಿನ ಅಂಗಡಿಗಳು ರಸ್ತೆಯೊಳಗೆ ಬಂದಿದ್ದದ್ದು ಮೂರು ನಾಲ್ಕು ಅಡಿ, ಮೆಟ್ಟಿಲು ಬೋರ್ಡುಗಳಷ್ಟೆ. ಪುಟ್ಟತಾಯಮ್ಮನದು ಏಳು. ಬಸವಪ್ರಸಾದರದು ಹನ್ನೊಂದೂವರೆ. ಒಬ್ಬ ಬಡ ಹೆಂಗಸಿನ ಒಲೆಯೇ ಹೋಗುವಾಗ ತಮ್ಮ ಮೆಟ್ಟಿಲಿಗೆ ಜಗಳವಾಡಲು ಬೇರೆಯವರಿಗೆ ನಾಚಿಕೆಯಾಯಿತು. ತಿಂಗಳೊಳಗೆ ತಾವಾಗಿಯೇ ತೆಗೆಸಿಕೊಂಡರು. ಬಸವಪ್ರಸಾದರು ಮಾತ್ರ ಕೋರ್ಟಿಗೆ ಹೋಗಿ ತಮ್ಮ ಅಂಗಡಿಯ ಮುಂದಿನ ಭಾಗಕ್ಕೆ ತಡೆ ತಂದರು. ಕೊನೆಗೆ ಸೈಕಲ್ ದಾರಿ ಎರಡು ತುಂಡಾಗಿ ಆಯಿತು. ನಡುವೆ ನೂರಮೂವತ್ತು ಅಡಿ ದಾರಿಯೇ ಇಲ್ಲ. ಆ ಜಾಗ ಬಂದಾಗ ಹೆಂಗಸರು ಇಳಿದು, ಸೈಕಲ್ಲು ತಳ್ಳಿಕೊಂಡು ನಡೆದು, ಆಚೆ ಬದಿಯಲ್ಲಿ ಮತ್ತೆ ಹತ್ತುತ್ತಾರೆ. ಸುಕನ್ಯಳ ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಪಟ್ಟಣದ ಬಸ್ಸಿನ ವಿಷಯ ಈಗ ಮತ್ತೆ ಅರ್ಜಿಯಲ್ಲಿದೆ.

ಏಳು ತಿಂಗಳು ಪುಟ್ಟತಾಯಮ್ಮ ತಮ್ಮನ ಜೊತೆ ಮಾತಾಡಲಿಲ್ಲ. ಸಿದ್ದರಾಜು ಮನೆಯಿಂದ ಡಬ್ಬಿ ತರಲು ಶುರುಮಾಡಿದ. ಹೆಂಡತಿಯ ಅಡುಗೆಗೆ ಏನೂ ಕೊರತೆಯಿರಲಿಲ್ಲ, ಆದರೂ ಒಂದು ಗಂಟೆಗೆ ಕಾಲು ಹಳೆ ಮಂಡಿ ರಸ್ತೆಯ ಕಡೆಗೇ ಎಳೆಯುತ್ತಿತ್ತು. ಹೋಟೆಲು ಮೂರು ತಿಂಗಳು ಮುಚ್ಚಿತ್ತು. ಅಕ್ಕ ಒಲೆಯನ್ನು ಹಿತ್ತಲಿಗೆ ಒಯ್ದು, ಅಲ್ಲೇ ಶೀಟು ಹಾಕಿಸಿ, ಪಕ್ಕದ ಓಣಿಯಿಂದ ದಾರಿ ಮಾಡಿಕೊಂಡಿದ್ದಾಳೆ ಎಂದು ಬೇರೆಯವರಿಂದ ತಿಳಿಯಿತು. ಶೀಟು ಹಾಕುವ ಭಾನುವಾರ ಗಾರ್ಮೆಂಟ್ಸಿನ ಹೆಂಗಸರು ಏಳೆಂಟು ಜನ ಬಂದು ಇಟ್ಟಿಗೆ ಹೊತ್ತರಂತೆ. ತನ್ನನ್ನು ಕರೆಯಲಿಲ್ಲ ಅನ್ನುವುದು ಅವನಿಗೆ ಆ ಏಳು ತಿಂಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಮಾಡಿತು. ಓಣಿಯೊಳಗಿನ ಹೋಟೆಲು ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಮಧ್ಯಾಹ್ನದ ಗಿರಾಕಿ ಕಡಿಮೆಯಾದರು. ಬೆಳಿಗ್ಗೆ ಸೈಕಲ್ಲು ತೆಗೆದುಕೊಳ್ಳಲು ಬಂದವರು ಇಡ್ಲಿ ಕಟ್ಟಿಸಿಕೊಂಡು ಹೋಗತೊಡಗಿದ ಮೇಲೆ ಒಂದಿಷ್ಟು ನಿಂತುಕೊಂಡಿತು. ಮೊದಲಿನಷ್ಟಿಲ್ಲ.

ಮಾಗಿಯಲ್ಲಿ ಚುಂಚನಕಟ್ಟೆಯಿಂದ ಸೋದರಮಾವನ ಮಗ ಚೆಲುವರಾಜು ಮನೆ ಗೃಹಪ್ರವೇಶಕ್ಕೆ ಕರೆದ. ಪತ್ರಿಕೆಯ ಮೇಲೆ ಅಕ್ಕ ತಮ್ಮ ಇಬ್ಬರ ಹೆಸರನ್ನೂ ಸೇರಿಸಿ ಬರೆದಿತ್ತು. ಶನಿವಾರ ಸಂಜೆ ಸುಕನ್ಯ ಕಚೇರಿಯ ಗೇಟಿನ ಹತ್ತಿರ ಸೈಕಲ್ಲು ನಿಲ್ಲಿಸಿ, ‘ಅಣ್ಣ, ನಿಮ್ಮಕ್ಕ ಹೇಳಿ ಕಳ್ಸಿದ್ರು, ನಾಳೆ ಏಳೂವರೆ ಬಸ್ಸಿಗೆ ಬರ್ಬೇಕಂತೆ. ತಡ ಮಾಡ್ಬಾರ್ದಂತೆ’ ಎಂದು ಹೇಳಿ ಹೋದಳು.

ಅವನು ಏಳಕ್ಕೇ ಸ್ಟ್ಯಾಂಡಿನಲ್ಲಿದ್ದ. ಪುಟ್ಟತಾಯಮ್ಮ ಹಸಿರು ಸೀರೆಯುಟ್ಟು, ಕೈಯಲ್ಲಿ ಚೀಲ ಹಿಡಿದು ಬಂದಳು. ಕೆ.ಆರ್. ನಗರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು, ಅವನು ಪಕ್ಕದಲ್ಲಿ ಕೂತ. ಬಸ್ಸು ಊರು ದಾಟಿದ ಮೇಲೆ ಚೀಲದಿಂದ ಎಲೆಯಲ್ಲಿ ಸುತ್ತಿದ ಇಡ್ಲಿ ತೆಗೆದು ಅವನ ತೊಡೆಯ ಮೇಲಿಟ್ಟಳು.

‘ಬಸವಪ್ರಸಾದು ಈಗ್ಲೂ ಊಟಕ್ಕೆ ಬತ್ತಾನೆ ಕಣ್ಲಾ’ ಎಂದಳು. ‘ಓಣೀಲಿ ಬಗ್ಗಿಕಂಡು ಬತ್ತಾನೆ. ಕೋರ್ಟಿನ ಮಾತು ಮಾತ್ರ ಆಡಾಕಿಲ್ಲ.’

‘ಮೀನು ಮಾಡ್ದಾಗ್ಲೂ ಬತ್ತಾರಾ?’

‘ಅವತ್ತು ಸೊಪ್ಪಿನ ಸಾರು ಕೇಳ್ತಾನೆ. ಬೇರೆ ಮಾಡಿಟ್ಟಿರ್ತೀನಿ.’

ಸಿದ್ದರಾಜು ಇಡ್ಲಿ ಮುರಿದ. ಚಟ್ನಿ ಬೇರೆ ಪೊಟ್ಟಣದಲ್ಲಿತ್ತು. ಸ್ವಲ್ಪ ದೂರ ಹೋದ ಮೇಲೆ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ‘ನಂಗೆ ಸಿಟ್ಟು ಓಗಿಲ್ಲ’ ಎಂದಳು.

‘ಗೊತ್ತು ಕಣಕ್ಕ.’

‘ಓದ್ಮೇಲೆ ಊಟಕ್ಕೆ ಕರೀಮ ಅಂತ ಇದ್ದೆ. ಅದು ಓಗಂಗೆ ಕಾಣಾಕಿಲ್ಲ. ನಾಳೆಯಿಂದ ಬಾ. ಸಿಟ್ಟು ಇದ್ರೆ ಇರ್ಲಿ ಬುಡು.’

ಅವನು ಹೂಂ ಎಂದ. ಬಾಯಲ್ಲಿ ಇಡ್ಲಿ ಇದ್ದುದರಿಂದ ಬೇರೆ ಹೇಳಲಾಗಲಿಲ್ಲ. ಚೆಲುವರಾಜುವಿಗೆ ಮುಯ್ಯಿ ಏನು ಕೊಡುವುದು, ಹಿತ್ತಾಳೆ ಬಿಂದಿಗೆ ಸಾಕೇ, ಅವನ ಹೆಂಡತಿಗೊಂದು ಸೀರೆಯೂ ಬೇಕೇ ಎಂದು ಅವಳು ಕೇಳಿದಳು. ಸೀರೆ ಬೇಕಾಗುತ್ತದೆ ಎಂದು ಅವನು ಹೇಳಿದ. ಕೆ.ಆರ್. ನಗರದಲ್ಲಿ ಇಳಿದು, ಚುಂಚನಕಟ್ಟೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ ಎಂದು ತಿಳಿದ ಮೇಲೆ, ಇಬ್ಬರೂ ಬಟ್ಟೆ ಅಂಗಡಿ ಇಷ್ಟು ಬೇಗ ತೆರೆದಿರುತ್ತದೆಯೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತ ಪೇಟೆಯ ಕಡೆ ನಡೆದರು.